ಗರ್ಭನಷ್ಟವೂ ಗೃಹಸ್ಥನ ಕರ್ತವ್ಯವೂ

ಹುಟ್ಟಿಗೆ ನಮ್ಮಲ್ಲಿ ಹಬ್ಬವುಂಟು, ಸಾವಿಗೆ ಸೂತಕವುಂಟು. ಹುಟ್ಟುವ ಮೊದಲೇ ಅಳಿದುಹೋದ ಜೀವದ ವಿಷಯದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿರುವುದೇ ವಾಡಿಕೆಯಾಗಿದೆ. "ಬಸಿರು ನಿಲ್ಲಲಿಲ್ಲ" ಎಂಬ ಎರಡೇ ಮಾತಿನಲ್ಲಿ ಹೆಂಗಸರು ಅಡಿಗೆಮನೆಯಲ್ಲಿ ಆ ವಿಷಯವನ್ನು ಮುಗಿಸಿಬಿಡುತ್ತಾರೆ. ಅದು ಹೊರಗಿನ ಪಡಸಾಲೆಗೆ ಬರುವುದೇ ಇಲ್ಲ. ಎರಡು ತಿಂಗಳು ಕಳೆಯುವುದರೊಳಗಾಗಿ, "ಏನಮ್ಮಾ, ಮತ್ತೇನಾದರೂ ವಿಶೇಷವೇ?" ಎಂದು ಕೇಳುವವರು ಮಾತ್ರ ಮದುವೆಮನೆಯಲ್ಲಿಯೂ ದೇವಸ್ಥಾನದಲ್ಲಿಯೂ ಕಾದುಕೊಂಡಿರುತ್ತಾರೆ. ಕಳೆದುಕೊಂಡುದನ್ನು ಕುರಿತು ಒಂದು ಮಾತೂ ಆಡದಿದ್ದವರು ಮುಂದೆ ಬರಬೇಕಾದುದನ್ನು ಕುರಿತು ಇಷ್ಟೊಂದು ಆತುರಪಡುವುದು ವಿಚಿತ್ರವೇ ಸರಿ. ಈ ಆತುರವೂ ಆ ಮೌನವೂ ಕೂಡಿ ನಮ್ಮ ಹೆಣ್ಣುಮಕ್ಕಳಿಗೆ ಮಾಡುತ್ತಿರುವ ಅನ್ಯಾಯವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಮೌನವು ನಮ್ಮ ಸಂಪ್ರದಾಯವೆಂದು ಯಾರಾದರೂ ಹೇಳುವುದಾದರೆ ಅದು ನಿಜವಲ್ಲ. ಸುಶ್ರುತನು ನಾಲ್ಕನೆಯ ತಿಂಗಳವರೆಗಿನದನ್ನು ಗರ್ಭಸ್ರಾವವೆಂದೂ ಐದು ಆರನೆಯ ತಿಂಗಳಿನದನ್ನು ಗರ್ಭಪಾತವೆಂದೂ ವಿಂಗಡಿಸಿ ವಿಚಾರ ಮಾಡಿದ್ದಾನೆ. ಮನುಸ್ಮೃತಿಯು ಗರ್ಭಸ್ರಾವವಾದವಳಿಗೆ ಎಷ್ಟು ತಿಂಗಳ ಗರ್ಭವೋ ಅಷ್ಟು ರಾತ್ರಿಗಳ ಆಶೌಚವನ್ನು ವಿಧಿಸುತ್ತದೆ. ಆ ವಿಧಿಯನ್ನು ಇಂದು ಎತ್ತಿ ಹಿಡಿಯಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆದರೆ ಆ ಕಾಲದವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಒಂದು ಸಂಗತಿಯೆಂದಾದರೂ ಭಾವಿಸಿದ್ದರೆಂಬುದನ್ನು ಗಮನಿಸಬೇಕು. ನಾವು ಅದನ್ನೂ ಬಿಟ್ಟುಕೊಟ್ಟಿದ್ದೇವೆ.

ಇದೇನೋ ಎಲ್ಲೋ ಅಪರೂಪಕ್ಕೆ ನಡೆಯುವ ಸಂಗತಿಯೂ ಅಲ್ಲ. ಗರ್ಭ ನಿಂತಿದೆಯೆಂದು ಗೊತ್ತಾದ ಮೇಲೆಯೂ ನೂರಕ್ಕೆ ಸುಮಾರು 15 ಗರ್ಭಗಳು ನಷ್ಟವಾಗುತ್ತವೆಂದು 2021ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ವೈದ್ಯಪತ್ರಿಕೆಯು ಪ್ರಕಟಿಸಿದ ಲೇಖನಮಾಲೆಯು ತಿಳಿಸಿತು. ಪ್ರಪಂಚದಲ್ಲೆಲ್ಲ ವರ್ಷಕ್ಕೆ 2 ಕೋಟಿ 30 ಲಕ್ಷ. ಹೆಂಗಸರಲ್ಲಿ ಸುಮಾರು ನೂರಕ್ಕೆ 11 ಮಂದಿಗೆ ಒಮ್ಮೆಯಾದರೂ ಈ ಅನುಭವವಾಗಿರುತ್ತದೆ. ಆದುದರಿಂದ ಈ ಲೇಖನವನ್ನು ಓದುತ್ತಿರುವ ಮಹನೀಯರ ಬಂಧುವರ್ಗದಲ್ಲಿ ಇಂಥವರು ಯಾರೂ ಇಲ್ಲವೆನ್ನುವುದಾದರೆ, ಇಲ್ಲವೆಂಬುದಕ್ಕಿಂತ ಅವರಿಗೆ ತಿಳಿಸಿಲ್ಲವೆಂಬುದೇ ಹೆಚ್ಚು ಸಂಭವ.

ಮೌನದ ಹಿಂದೆ ಅಡಗಿರುವುದು ದೂಷಣೆ. ಪರಂಗಿಹಣ್ಣು ತಿಂದಳು, ನೀರಿನ ಕೊಡ ಎತ್ತಿದಳು, ಬೇಡವೆಂದರೂ ಬಸ್ಸಿನಲ್ಲಿ ತೌರಿಗೆ ಹೋದಳು, ಹೊತ್ತಲ್ಲದ ಹೊತ್ತಿನಲ್ಲಿ ಹುಣಿಸೆಯ ಮರದ ಕೆಳಗೆ ನಡೆದಳು ಎಂದು ಆರೋಪಪಟ್ಟಿ ಬೆಳೆಯುತ್ತದೆ. ಕೆಲವು ಮನೆಗಳಲ್ಲಿ ಸೊಸೆಯ ಜಾತಕವನ್ನು ಮತ್ತೆ ಹೊರಗೆ ತೆಗೆಯುತ್ತಾರೆ. ಮಗನ ಜಾತಕವನ್ನು ತೆಗೆಯುವವರು ಕಡಿಮೆ. ವೈದ್ಯಶಾಸ್ತ್ರದ ತೀರ್ಮಾನವಾದರೋ ಬೇರೆ. ಮೊದಲ ಮೂರು ತಿಂಗಳಲ್ಲಿ ನಷ್ಟವಾಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣವು ಭ್ರೂಣದ ವರ್ಣತಂತುಗಳ ಎಣಿಕೆಯಲ್ಲಿ ಬಂದ ವ್ಯತ್ಯಾಸ. ತಂದೆಯಿಂದ 23, ತಾಯಿಯಿಂದ 23, ಒಟ್ಟು 46 ತಂತುಗಳು ಇರಬೇಕಾದಲ್ಲಿ ಒಂದು ಹೆಚ್ಚೋ ಕಡಿಮೆಯೋ ಆದರೆ ಬಹುಮಟ್ಟಿಗೆ ಆ ಗರ್ಭವು ಬೆಳೆಯಲಾರದು. ಇದು ಬೀಜ ಕೂಡಿದ ದಿನವೇ ನಿರ್ಧಾರವಾಗಿಹೋದ ವಿಷಯ. ಎರಡು ತಿಂಗಳಾದ ಮೇಲೆ ಎತ್ತಿದ ಕೊಡಕ್ಕೂ ಅದಕ್ಕೂ ಸಂಬಂಧವೇನು?

ವಯಸ್ಸಿನ ಪಾತ್ರವು ಮಾತ್ರ ನಿಜವಾದುದು. ನಾರ್ವೆ ದೇಶದಲ್ಲಿ 2009ರಿಂದ 2013ರವರೆಗಿನ ನಾಲ್ಕು ಲಕ್ಷಕ್ಕೂ ಮಿಕ್ಕ ಗರ್ಭಗಳ ದಾಖಲೆಗಳನ್ನು ಪರಿಶೀಲಿಸಿದಾಗ, 25ರಿಂದ 29ರ ವಯಸ್ಸಿನಲ್ಲಿ ನಷ್ಟವು ನೂರಕ್ಕೆ 10 ಇದ್ದದ್ದು 45ನ್ನು ದಾಟಿದವರಲ್ಲಿ 53ಕ್ಕೆ ಏರಿತ್ತು. ಒಮ್ಮೆ ನಷ್ಟವಾದವರಲ್ಲಿ ಮುಂದಿನ ಸಲದ ಅಪಾಯವು ಸ್ವಲ್ಪ ಹೆಚ್ಚುವುದೆಂಬುದೂ ಅದೇ ದಾಖಲೆಗಳಿಂದ ಕಂಡುಬಂದಿತು. ಆದರೂ ಒಮ್ಮೆ ಕಳೆದುಕೊಂಡವರಲ್ಲಿ ಬಹುಪಾಲು ಜನ ಮುಂದಿನ ಸಲ ಯಾವ ಚಿಕಿತ್ಸೆಯೂ ಇಲ್ಲದೆ ಮಗುವನ್ನು ಪಡೆಯುತ್ತಾರೆ. ಮೂರು ಸಲ ಕಳೆದುಕೊಂಡು ಕಾರಣವೇ ತಿಳಿಯದವರಲ್ಲಿ ಕೂಡ ಅರ್ಧಕ್ಕಿಂತ ಹೆಚ್ಚು ಮಂದಿ ಪಡೆಯುತ್ತಾರೆ. ಈ ಒಂದು ಮಾತನ್ನು ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನವೇ ದಂಪತಿಗಳಿಬ್ಬರನ್ನೂ ಕೂಡಿಸಿ ಹೇಳಿದ್ದರೆ ಎಷ್ಟೋ ಕಣ್ಣೀರು ಉಳಿಯುತ್ತಿದ್ದಿತು.

ಇನ್ನು, ಮತ್ತೆ ಯಾವಾಗ ಎಂಬ ಪ್ರಶ್ನೆ. ಮನೆಯ ಹಿರಿಯರು ಒಂದು ಹೇಳುತ್ತಾರೆ, ನೆರೆಯವರು ಒಂದು ಹೇಳುತ್ತಾರೆ. ವೈದ್ಯರಲ್ಲಿಯೇ ಬಹುಕಾಲ ಏಕಾಭಿಪ್ರಾಯವಿರಲಿಲ್ಲ. 2005ರ ಜೂನ್ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಾಲೋಚನೆಯು ಗರ್ಭನಷ್ಟವಾದ ಮೇಲೆ ಕನಿಷ್ಠಪಕ್ಷ 6 ತಿಂಗಳು ಕಾಯುವುದು ಒಳ್ಳೆಯದೆಂದು ಸಲಹೆ ಮಾಡಿತು. ಆ ಸಲಹೆಗೆ ಮುಖ್ಯ ಆಧಾರವಾಗಿದ್ದುದು ದಕ್ಷಿಣ ಅಮೆರಿಕಾದ ಮತ್ತು ಅದರ ನೆರೆಯ ದೇಶಗಳ ಆಸ್ಪತ್ರೆಗಳ ದಾಖಲೆಗಳು. ಅವುಗಳಲ್ಲಿ ತಾನಾಗಿ ಆದ ಗರ್ಭಪಾತವನ್ನೂ ಮಾಡಿಸಿಕೊಂಡ ಗರ್ಭಪಾತವನ್ನೂ ಬೇರ್ಪಡಿಸಿರಲಿಲ್ಲ. 2010ರಲ್ಲಿ ಸ್ಕಾಟ್ಲೆಂಡಿನ ವೈದ್ಯರು ಮೊದಲ ಗರ್ಭವನ್ನು ಕಳೆದುಕೊಂಡಿದ್ದ 30,937 ಹೆಂಗಸರ ದಾಖಲೆಗಳನ್ನು ನೋಡಿದಾಗ, 6 ತಿಂಗಳೊಳಗೇ ಮತ್ತೆ ಗರ್ಭವತಿಯರಾದವರ ಫಲಿತಾಂಶವು ಕಾದವರಿಗಿಂತ ಒಳ್ಳೆಯದಾಗಿಯೇ ಇದ್ದಿತು. 2022ರಲ್ಲಿ ನಾರ್ವೆಯ ದಾಖಲೆಗಳೂ, 3 ತಿಂಗಳೊಳಗಾದ ಗರ್ಭಕ್ಕೂ ವಿಶೇಷ ಅಪಾಯ ಕಾಣುವುದಿಲ್ಲವೆಂದು ತೋರಿಸಿದವು. ಹೀಗಾಗಿ, ಸಾಮಾನ್ಯವಾದ ಆರಂಭದ ಗರ್ಭಸ್ರಾವವಾಗಿ ದೇಹವು ಗುಣ ಹೊಂದಿದ್ದರೆ, ತಿಂಗಳುಗಟ್ಟಲೆ ಕಾಯಲೇಬೇಕೆಂಬ ಕಟ್ಟುನಿಟ್ಟು ಈಗ ಸಡಿಲವಾಗಿದೆ. ನಷ್ಟವಾದ ಎರಡರಿಂದ ನಾಲ್ಕು ವಾರಗಳಲ್ಲೇ ದೇಹವು ಮತ್ತೆ ಗರ್ಭಧಾರಣೆಗೆ ಶಕ್ತವಾಗಬಹುದು. ಒಂದು ಸಲ ಮುಟ್ಟು ಬಂದುಹೋಗಲೆಂದು ವೈದ್ಯರು ಹೇಳುವುದು ಬಹುಮಟ್ಟಿಗೆ ಮುಂದಿನ ಗರ್ಭದ ದಿನಗಳನ್ನು ಎಣಿಸುವ ಅನುಕೂಲಕ್ಕಾಗಿ.

ಇದನ್ನು ಓದಿ ಅತ್ತೆಯಂದಿರೂ ಗಂಡಂದಿರೂ ತಮ್ಮ ಆತುರಕ್ಕೆ ಶಾಸ್ತ್ರದ ಬೆಂಬಲ ದೊರೆಯಿತೆಂದು ತಿಳಿಯಬಾರದು. ಸ್ಕಾಟ್ಲೆಂಡಿನ ಹೆಂಗಸಿನ ಊಟ ಬೇರೆ, ನಮ್ಮ ಹೆಂಗಸಿನ ಊಟ ಬೇರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49ರ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಮೊದಲೇ ರಕ್ತ ಕಡಿಮೆಯಿದ್ದವಳು ಗರ್ಭನಷ್ಟದಲ್ಲಿ ಇನ್ನಷ್ಟು ರಕ್ತವನ್ನು ಕಳೆದುಕೊಂಡಿರುತ್ತಾಳೆ. ಅವಳ ಹಿಮೋಗ್ಲೋಬಿನ್ನನ್ನು ಪರೀಕ್ಷೆ ಮಾಡಿಸದೆ, ಕಬ್ಬಿಣದ ಮಾತ್ರೆಗಳನ್ನು ಕೊಡಿಸದೆ, ತಿಂಗಳು ಎರಡು ತಿಂಗಳಲ್ಲಿ ಮತ್ತೆ ಬಸುರಿಯಾಗಲೆಂದು ಹಾರೈಸುವುದು, ಬತ್ತಿದ ಬಾವಿಗೆ ಮತ್ತೊಂದು ಏತ ಹೂಡಿದಂತೆ.

ಈ ಸಂದರ್ಭದಲ್ಲಿ ನಮ್ಮ ದೇಶಕ್ಕೆ ಸಂಬಂಧಪಟ್ಟ ಒಂದು ಸಂಗತಿಯನ್ನು ಹೇಳದಿರಲಾರೆವು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಅಲ್ಲಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿಯರಿಗೆ ಬರುತ್ತಿದ್ದ ಒಂದು ಬಗೆಯ ಘೋರ ರಕ್ತಹೀನತೆಯನ್ನು ಅಭ್ಯಾಸ ಮಾಡಿದಳು. ಯೀಸ್ಟಿನಿಂದ ತಯಾರಿಸಿದ ಅಗ್ಗದ ಸತ್ತ್ವವೊಂದನ್ನು ಕೊಟ್ಟಾಗ ಅವರು ಚೇತರಿಸಿಕೊಂಡುದನ್ನು 1931ರಲ್ಲಿ ಪ್ರಕಟಿಸಿದಳು. ಆ ಸತ್ತ್ವದಲ್ಲಿದ್ದ ಅಂಶವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದವರು, ಎಲೆಯೆಂಬ ಅರ್ಥದ ಲ್ಯಾಟಿನ್ ಪದದಿಂದಲೇ ಆ ಹೆಸರನ್ನು ಕಟ್ಟಿದರು. ಬೆನ್ನುಹುರಿಯ ವಿಕಾರವಿದ್ದ ಗರ್ಭವನ್ನು ಹಿಂದೆ ಧರಿಸಿದ್ದ ತಾಯಂದಿರಿಗೆ ಈ ಆಮ್ಲವನ್ನು ಗರ್ಭಧಾರಣೆಗೆ ಮೊದಲಿನಿಂದಲೇ ಕೊಟ್ಟರೆ ಆ ವಿಕಾರವು ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗುತ್ತದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಸಂಶೋಧನ ಮಂಡಲಿಯ ಪ್ರಯೋಗವು ಸ್ಥಾಪಿಸಿತು. ಗರ್ಭಕ್ಕೆ ಪ್ರಯತ್ನಿಸುವ ಪ್ರತಿಯೊಬ್ಬ ಸ್ತ್ರೀಯೂ ದಿನಕ್ಕೆ 400 ಮೈಕ್ರೋಗ್ರಾಂ ಪ್ರಮಾಣದಲ್ಲಿ ಇದನ್ನು ಮೊದಲೇ ಆರಂಭಿಸಬೇಕೆಂಬುದು ಇಂದು ಸರ್ವಸಮ್ಮತವಾದ ಸಲಹೆ. ಮುಂಬಯಿಯ ಗಿರಣಿ ಹೆಂಗಸರ ರಕ್ತದಿಂದ ಲೋಕವು ಕಲಿತ ಈ ಪಾಠವನ್ನು ನಮ್ಮ ಊರುಗಳಲ್ಲಿ ಎಷ್ಟು ಜನ ಗಂಡಂದಿರು ಬಲ್ಲರು? ಬಸಿರು ನಿಂತು ಎರಡು ತಿಂಗಳಾದ ಮೇಲೆ ಮಾತ್ರೆ ತರುತ್ತಾರೆ. ಬೆನ್ನುಹುರಿಯ ನಾಳವು ಮೊದಲ ನಾಲ್ಕು ವಾರಗಳಲ್ಲಿಯೇ ಮುಚ್ಚಿಹೋಗಿರುತ್ತದೆ.

ನಿಜವಾಗಿಯೂ ಕಾಯಲೇಬೇಕಾದ ಸಂದರ್ಭಗಳೂ ಉಂಟು. ಗರ್ಭವು ದ್ರಾಕ್ಷಿಯ ಗೊಂಚಲಿನಂತೆ ವಿಕಾರವಾಗಿ ಬೆಳೆದಿದ್ದರೆ, ರಕ್ತಪರೀಕ್ಷೆಗಳು ಸರಿಯಾಗಿ ವೈದ್ಯರು ಅನುಮತಿ ಕೊಡುವವರೆಗೆ ಮತ್ತೊಂದು ಗರ್ಭ ಕೂಡದು. ಗರ್ಭಕೋಶದ ಹೊರಗೆ ನಾಳದಲ್ಲಿ ಬೆಳೆದುದಕ್ಕೆ ಮೆಥೋಟ್ರೆಕ್ಸೇಟ್ ಎಂಬ ಔಷಧ ಕೊಟ್ಟಿದ್ದರೆ ಕನಿಷ್ಠ 3 ತಿಂಗಳು ಬಿಡಬೇಕು. ತಾಯಿಯ ರಕ್ತವು ಆರ್‌ಎಚ್ ನೆಗೆಟಿವ್ ಆಗಿದ್ದರೆ, ನಷ್ಟವಾದ 72 ಗಂಟೆಗಳೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕಾಗುವುದೇ ಎಂದು ವೈದ್ಯರನ್ನು ಅಂದೇ ಕೇಳಬೇಕು. ಮುಂದಿನ ಮಗುವಿನ ರಕ್ಷಣೆಯ ವಿಚಾರ ಅಲ್ಲಿಂದಲೇ ಆರಂಭವಾಗುತ್ತದೆ.

ಒಂದಕ್ಕಿಂತ ಹೆಚ್ಚು ಸಲ ನಷ್ಟವಾದಲ್ಲಿ ಕಾರಣವನ್ನು ಹುಡುಕುವುದು ಕರ್ತವ್ಯ. ಹಿಂದೆ ಮೂರು ಸಲ ಆಗುವವರೆಗೆ ಕಾಯುತ್ತಿದ್ದರು. ಈಗ ಯೂರೋಪಿನ ತಜ್ಞರು ಎರಡಾದರೆ ಸಾಕು, ವಿಚಾರಿಸಿರಿ ಎನ್ನುತ್ತಾರೆ. ಥೈರಾಯ್ಡ್ ಗ್ರಂಥಿಯ ದೋಷ, ಹತೋಟಿಯಿಲ್ಲದ ಸಕ್ಕರೆಯ ಕಾಯಿಲೆ, ಗರ್ಭಕೋಶದೊಳಗಿನ ಅಡ್ಡಗೋಡೆ, ದಂಪತಿಗಳಲ್ಲಿ ಒಬ್ಬರ ವರ್ಣತಂತುಗಳ ಸ್ಥಾನಪಲ್ಲಟ, ರಕ್ತವನ್ನು ಹೆಪ್ಪುಗಟ್ಟಿಸುವ ಒಂದು ಬಗೆಯ ಪ್ರತಿಕಾಯಗಳು, ಇವು ಪರೀಕ್ಷೆಯಿಂದ ತಿಳಿಯತಕ್ಕವು. ಕೊನೆಯದಕ್ಕೆ ಆಸ್ಪಿರಿನ್ನಿನೊಡನೆ ಹೆಪಾರಿನ್ ಚುಚ್ಚುಮದ್ದು ಕೊಟ್ಟಾಗ ನೂರಕ್ಕೆ 71 ಮಂದಿಗೆ ಜೀವಂತ ಮಗುವಾಯಿತೆಂದೂ ಆಸ್ಪಿರಿನ್ ಒಂದನ್ನೇ ಕೊಟ್ಟವರಲ್ಲಿ 42 ಮಂದಿಗೆ ಮಾತ್ರ ಆಯಿತೆಂದೂ 1997ರಲ್ಲಿ ಲಂಡನ್ನಿನಲ್ಲಿ ಕಂಡುಬಂದಿತು. ವರ್ಣತಂತುಗಳ ಪರೀಕ್ಷೆಗೆ ಗಂಡನೂ ರಕ್ತ ಕೊಡಬೇಕಾಗುತ್ತದೆ. ಹೆಂಡತಿಯನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ತಾನು ಹೊರಗೆ ನಿಲ್ಲುವ ಗೃಹಸ್ಥನು ಇದನ್ನು ಮನಸ್ಸಿನಲ್ಲಿಡಬೇಕು.

ನಾಲ್ಕನೆಯ ತಿಂಗಳು ದಾಟಿದ ಮೇಲೆ, ನೋವೇ ಇಲ್ಲದೆ, ಮತ್ತೆ ಮತ್ತೆ ಗರ್ಭವು ಜಾರಿಹೋಗುವ ಹೆಂಗಸರ ಕಥೆ ಬೇರೆ. ಅಲ್ಲಿ ಅನೇಕವೇಳೆ ಮಗುವಿನಲ್ಲಿ ದೋಷವಿರುವುದಿಲ್ಲ. ಗರ್ಭಕೋಶದ ಕೊರಳು ಭಾರವನ್ನು ತಾಳದೆ ತೆರೆದುಕೊಳ್ಳುತ್ತದೆ. ಇಂಥವರನ್ನು ಹಿಂದೆ ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿಸುತ್ತಿದ್ದರು. ಇದಕ್ಕೆ ದಾರಿ ಕಂಡುಹಿಡಿದವರು ನಮ್ಮವರೇ ಆದ ಡಾ. ವಿಠ್ಠಲ ನಾಗೇಶ ಶಿರೋಡ್ಕರ್. 1899ರಲ್ಲಿ ಗೋವೆಯ ಶಿರೋಡಾ ಗ್ರಾಮದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಪ್ರೌಢವಿದ್ಯಾಭ್ಯಾಸ ಮುಗಿಸಿ, ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಈ ಮಹನೀಯರು, ಹೆಂಗಸಿನ ತೊಡೆಯಿಂದಲೇ ತೆಗೆದ ಪೊರೆಯ ಪಟ್ಟಿಯೊಂದರಿಂದ ಗರ್ಭಕೋಶದ ಕೊರಳನ್ನು ಸುತ್ತ ಕಟ್ಟುವ ಶಸ್ತ್ರಕ್ರಿಯೆಯನ್ನು ರೂಪಿಸಿದರು. ಚೀಲದ ಬಾಯನ್ನು ದಾರದಿಂದ ಬಿಗಿಯುವಂತೆ ಎಂದರೆ ತಿಳಿಯಬಹುದು. 1955ರಲ್ಲಿ ಅದನ್ನು ಅವರು ಪ್ರಕಟಿಸಿದ್ದು ಲಂಡನ್ನಿನ ಪತ್ರಿಕೆಯಲ್ಲಲ್ಲ, ಮದರಾಸಿನ 'ಆಂಟಿಸೆಪ್ಟಿಕ್' ಎಂಬ ಪತ್ರಿಕೆಯಲ್ಲಿ. ಎರಡು ವರ್ಷಗಳಲ್ಲಿ ಆಸ್ಟ್ರೇಲಿಯದ ಮ್ಯಾಕ್‌ಡೊನಾಲ್ಡ್ ಎಂಬ ವೈದ್ಯರು ಇನ್ನೂ ಸುಲಭವಾದ ಹೊಲಿಗೆಯ ಕ್ರಮವನ್ನು ತಂದರು. ಇಂದಿಗೂ ಪ್ರಪಂಚದ ಆಸ್ಪತ್ರೆಗಳಲ್ಲಿ 'ಶಿರೋಡ್ಕರ್ ಹೊಲಿಗೆ' ಎಂದೇ ಹೆಸರು. ಈ ಹೊಲಿಗೆಯು ಎಲ್ಲರಿಗೂ ಬೇಕಾದುದಲ್ಲ. ಮೊದಲ ಮೂರು ತಿಂಗಳ ಸಾಮಾನ್ಯ ಸ್ರಾವಕ್ಕೆ ಇದರಿಂದ ಪ್ರಯೋಜನವೇ ಇಲ್ಲ. ಮಧ್ಯದ ತಿಂಗಳುಗಳಲ್ಲಿ ಪದೇ ಪದೇ ಕಳೆದುಕೊಂಡವರಿಗೆ ಮುಂದಿನ ಗರ್ಭದ ಮೂರು ತಿಂಗಳು ತುಂಬುವ ಹೊತ್ತಿಗೆ ಹಾಕುತ್ತಾರೆ. ಆದುದರಿಂದಲೇ ಹಿಂದಿನ ನಷ್ಟವು ಯಾವ ತಿಂಗಳಲ್ಲಿ, ಹೇಗೆ ಆಯಿತೆಂಬುದನ್ನು ಮರೆಮಾಚದೆ ವೈದ್ಯರಿಗೆ ಹೇಳಬೇಕಾದುದು. ಮರ್ಯಾದೆಯ ಹೆಸರಿನಲ್ಲಿ ಅತ್ತೆಯವರು ಅದುಮಿಟ್ಟ ಆ ಒಂದು ವಿವರದಲ್ಲಿ ಮುಂದಿನ ಮಗುವಿನ ಪ್ರಾಣವಿರಬಹುದು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೂ ಅಗತ್ಯ. ದುಃಖದಲ್ಲಿರುವವರು ಯಾವ ಔಷಧವನ್ನಾದರೂ ನುಂಗುತ್ತಾರೆ. ಅಮೆರಿಕೆಯಲ್ಲಿ 1940ರ ದಶಕದಿಂದ ಗರ್ಭ ನಿಲ್ಲಿಸುವುದಕ್ಕೆಂದು ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಹಾರ್ಮೋನನ್ನು ಅಸಂಖ್ಯಾತ ಬಸುರಿಯರಿಗೆ ಕೊಟ್ಟರು. ಅದರಿಂದ ಏನೂ ಪ್ರಯೋಜನವಿಲ್ಲವೆಂದು 1953ರಲ್ಲಿಯೇ ಚಿಕಾಗೋ ನಗರದ ಪ್ರಯೋಗವು ತೋರಿಸಿತು. ಆದರೂ ಕೊಡುವುದು ನಿಲ್ಲಲಿಲ್ಲ. 1971ರಲ್ಲಿ, ಹಾಗೆ ಹುಟ್ಟಿದ ಹೆಣ್ಣುಮಕ್ಕಳಿಗೆ ಹರೆಯದಲ್ಲಿಯೇ ಅಪರೂಪದ ಕ್ಯಾನ್ಸರ್ ಬರುತ್ತಿರುವುದು ಗೊತ್ತಾದ ಮೇಲೆ ಎಲ್ಲರ ಕಣ್ಣು ತೆರೆಯಿತು. ತಾಯಿಯ ಆಸೆಗೆ ಮಗಳು ಬೆಲೆ ತೆತ್ತಳು. "ಇದನ್ನು ತೆಗೆದುಕೊಂಡರೆ ಖಂಡಿತ ನಿಲ್ಲುತ್ತದೆ" ಎಂದು ಪೊಟ್ಟಣ ಕಟ್ಟಿ ಕೊಡುವವರು, ನಾಟಿಯವರಾಗಲಿ ದೊಡ್ಡ ಕಟ್ಟಡದವರಾಗಲಿ, ಅವರನ್ನು ಪುರಾವೆ ಕೇಳುವ ಹಕ್ಕು ದಂಪತಿಗಳಿಗುಂಟು. ಅಶ್ವತ್ಥದ ಕಟ್ಟೆಯಲ್ಲಿ ನಾಗರಕಲ್ಲನ್ನು ಪ್ರತಿಷ್ಠೆ ಮಾಡುವವರನ್ನು ನಾವು ಹಳಿಯುವುದಿಲ್ಲ. ಅದು ಮನಸ್ಸಿಗೆ ನೆಮ್ಮದಿ ಕೊಡುವುದಾದರೆ ಕೊಡಲಿ. ಪ್ರತಿಷ್ಠೆಯ ಖರ್ಚಿನ ಒಂದು ಭಾಗದಲ್ಲಿ ರಕ್ತಪರೀಕ್ಷೆಯೂ ಆಗಲೆಂಬುದಷ್ಟೇ ನಮ್ಮ ವಿನಂತಿ.

ಮನಸ್ಸಿನ ಮಾತು ಬಂದಿತು. ಲಂಡನ್ನಿನ ವೈದ್ಯರು 2020ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಆರಂಭದ ತಿಂಗಳುಗಳಲ್ಲಿ ಗರ್ಭ ಕಳೆದುಕೊಂಡವರಲ್ಲಿ ನೂರಕ್ಕೆ 29 ಮಂದಿಗೆ ಒಂದು ತಿಂಗಳ ಮೇಲೆಯೂ, 18 ಮಂದಿಗೆ ಒಂಬತ್ತು ತಿಂಗಳ ಮೇಲೆಯೂ, ಯುದ್ಧ ಅಪಘಾತಗಳನ್ನು ಕಂಡವರಿಗೆ ಬರುವಂಥ ಮನೋವಿಕಲ್ಪದ ಚಿಹ್ನೆಗಳು ಇದ್ದವು. ಒಂಬತ್ತು ತಿಂಗಳೆಂದರೆ ಆ ಮಗು ಉಳಿದಿದ್ದರೆ ಹುಟ್ಟಿರುತ್ತಿದ್ದ ದಿನವೂ ಕಳೆದುಹೋಗಿರುತ್ತದೆ. ತಾಯಂದಿರು ಆ ದಿನವನ್ನು ಎಣಿಸುತ್ತಿರುತ್ತಾರೆಂಬುದು ಗಂಡಸರಿಗೆ ಹೊಳೆಯುವುದೇ ಅಪರೂಪ. ಮತ್ತೆ ಗರ್ಭ ನಿಂತಾಗಲೂ ಸಂತೋಷದೊಡನೆ ಭಯವೇ ಮೊದಲು ಬರುತ್ತದೆ. 1984ರಲ್ಲಿ ನಾರ್ವೆಯ ಸ್ಟ್ರೇ-ಪೆಡರ್ಸನ್ ದಂಪತಿಗಳು, ಪದೇ ಪದೇ ಗರ್ಭ ಕಳೆದುಕೊಂಡು ಕಾರಣ ತಿಳಿಯದ ಹೆಂಗಸರಲ್ಲಿ ಕೆಲವರನ್ನು ವಾರವಾರವೂ ಕರೆದು ನೋಡಿ, ಮಾತನಾಡಿಸಿ, ಧೈರ್ಯ ಹೇಳುವ ಏರ್ಪಾಡು ಮಾಡಿದರು. ಅವರಲ್ಲಿ ನೂರಕ್ಕೆ 86 ಗರ್ಭಗಳು ನಿಂತವು. ಆ ಆರೈಕೆ ದೊರೆಯದವರಲ್ಲಿ 33. ಎಣಿಕೆ ಚಿಕ್ಕದು, ಹೋಲಿಕೆಯೂ ಬಿಗಿಯಾದುದಲ್ಲವಾದ್ದರಿಂದ ಈ ಅಂಕಿಗಳನ್ನು ತಕ್ಕಡಿಯಲ್ಲಿಟ್ಟು ತೂಗಬಾರದು. ಆದರೂ ಇಂಥ ಆರೈಕೆಯಿಂದ ಕೆಡುಕು ಏನೂ ಇಲ್ಲವಾಗಿ, ಇಂದಿನ ತಜ್ಞರೂ ಅದನ್ನು ಬಿಟ್ಟಿಲ್ಲ. ನಮ್ಮಲ್ಲಿ ಅದನ್ನು ಮಾಡಬೇಕಾದವರು ಮನೆಯವರು. ಎರಡನೆಯ ಸಂಬಂಧದ ಮಾತನ್ನು ಎತ್ತುವ ಬಂಧುವಿಗೆ ಮನೆಯ ಯಜಮಾನನು ಆ ಕ್ಷಣದಲ್ಲಿಯೇ ಬಾಗಿಲು ತೋರಿಸಿದರೂ ತಪ್ಪಿಲ್ಲ. ಯಾವಾಗ ಮತ್ತೆ ಪ್ರಯತ್ನಿಸುವುದು, ಪ್ರಯತ್ನಿಸುವುದೋ ಬೇಡವೋ ಎಂಬುದು ಮೊದಲು ಅವಳು ಹೇಳಬೇಕಾದ ಮಾತು.

ನಮ್ಮ ಓದುಗರಲ್ಲಿ ಅಧಿಕಾರಿಗಳು ಅನೇಕರಿರುವುದರಿಂದ ಕಚೇರಿಯ ವಿಷಯವನ್ನು ಬಿಡುವಂತಿಲ್ಲ. ಹೆರಿಗೆಯ ಭತ್ಯದ ಮೊದಲ ಕಾಯಿದೆಯು ನಮ್ಮ ದೇಶದಲ್ಲಿ ಆದದ್ದು 1929ರಲ್ಲಿ, ಮುಂಬಯಿ ಪ್ರಾಂತದಲ್ಲಿ. ಅದರ ಮಸೂದೆಯನ್ನು 1928ರಲ್ಲಿ ಶಾಸನಸಭೆಯಲ್ಲಿ ಸಮರ್ಥಿಸಿದವರಲ್ಲಿ ಡಾ. ಅಂಬೇಡ್ಕರರೂ ಒಬ್ಬರು. 1961ರ ಕೇಂದ್ರ ಕಾಯಿದೆಯು ಗರ್ಭಪಾತವಾದ ಸ್ತ್ರೀಗೆ ಅಂದಿನಿಂದ 6 ವಾರಗಳ ವೇತನಸಹಿತ ರಜೆಯನ್ನು ವಿಧಿಸಿತು; ಅಷ್ಟೇ ಅಲ್ಲ, ಆ 6 ವಾರಗಳಲ್ಲಿ ಅವಳಿಂದ ಕೆಲಸ ಮಾಡಿಸಕೂಡದೆಂದೂ ನಿಷೇಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ 6 ವಾರಗಳನ್ನು ಉಳಿಸಿಕೊಂಡಿದೆ. ಕೇಂದ್ರ ಸರಕಾರದ ನೌಕರಿಯಲ್ಲಿರುವವರಿಗೆ, ಮಗು ಸತ್ತು ಹುಟ್ಟಿದರೆ ಅಥವಾ ಹುಟ್ಟಿದೊಡನೆ ತೀರಿಕೊಂಡರೆ 60 ದಿನಗಳ ವಿಶೇಷ ರಜೆಯುಂಟೆಂದು 2022ರ ಸೆಪ್ಟೆಂಬರಿನಲ್ಲಿ ಆಜ್ಞೆಯಾಯಿತು. ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ, ಎರಡು ದಿನದ ಸಾಂದರ್ಭಿಕ ರಜೆ ಹಾಕಿ, "ಜ್ವರ" ಎಂದು ಕಾರಣ ಬರೆದು, ಮೂರನೆಯ ದಿನ ಮೇಜಿಗೆ ಬಂದು ಕೂರುವ ಹೆಣ್ಣುಮಕ್ಕಳುಂಟು. ವೈದ್ಯರ ಪ್ರಮಾಣಪತ್ರವು ಗುಮಾಸ್ತರ ಕೈಯಿಂದ ಕೈಗೆ ದಾಟಿ, ಊಟದ ಬಿಡುವಿನಲ್ಲಿ ಮಾತಾಗುವುದೆಂಬ ಸಂಕೋಚವೇ ಇದಕ್ಕೆ ಕಾರಣ. ಆ ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ನೇರವಾಗಿ ಕಚೇರಿಯ ಮುಖ್ಯಸ್ಥರೇ ಸ್ವೀಕರಿಸುವುದಕ್ಕೆ ಹೊಸ ಕಾಯಿದೆ ಯಾವುದೂ ಬೇಕಾಗಿಲ್ಲ.

ಹೊಲದಲ್ಲಿ ಕಳೆ ಕೀಳುವವಳಿಗೆ, ಕಟ್ಟಡದಲ್ಲಿ ಕಲ್ಲು ಹೊರುವವಳಿಗೆ ಈ 6 ವಾರಗಳೂ ಇಲ್ಲ. ಕೂಲಿ ಬಿಟ್ಟರೆ ಅಂದಿನ ಊಟವಿಲ್ಲ. ಅವಳಿಗೆ ದೊರೆಯಬಹುದಾದುದು ಮಾತೃವಂದನಾ ಯೋಜನೆಯ ಸಹಾಯಧನ, ಮೊದಲ ಮಗುವಿಗೆ 5,000 ರೂಪಾಯಿ. ಒಂದು ಕಂತು ಬಂದ ಮೇಲೆ ಗರ್ಭ ನಷ್ಟವಾದರೆ ತನ್ನ ಸರದಿ ಮುಗಿದೇಹೋಯಿತೆಂದು ಅನೇಕರು ತಿಳಿದು ಸುಮ್ಮನಾಗುತ್ತಾರೆ. 2022ರಿಂದ ಜಾರಿಯಲ್ಲಿರುವ ನಿಯಮಾವಳಿಯ ಪ್ರಕಾರ ಹಾಗಲ್ಲ: ಗರ್ಭಪಾತವಾದವಳು ಅಥವಾ ಸತ್ತ ಮಗುವನ್ನು ಹೆತ್ತವಳು ಮತ್ತೆ ಗರ್ಭಿಣಿಯಾದಾಗ ಹೊಸ ಫಲಾನುಭವಿಯೆಂದೇ ಎಣಿಸಲ್ಪಡುತ್ತಾಳೆ. ಅರ್ಜಿಯನ್ನು ಅಂಗನವಾಡಿಯಲ್ಲಿ ಕೊಡಬಹುದು.